ಗದ್ದಲದ ವೇದಿಕೆಯಲ್ಲಿ ಹಾಡುವ ಮೈಕ್ ಕೈಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ರಾಜ್ಯೋತ್ಸವದ ರಸಮಂಜರಿ ಇರಲಿ, ಬಯಲಲ್ಲಿ ರಾತ್ರಿ ನಡೆಯುವ ಯಕ್ಷಗಾನ ಇರಲಿ, ಸೌಂಡ್ ಸರಿ ಬಾರದಿದ್ದರೆ ಮೊದಲು ಬೈಸಿಕೊಳ್ಳುವುದು ಮೈಕ್. "ಅಣ್ಣಾ, ಈ ಮೈಕ್ ಸರಿ ಇಲ್ಲ, ಬೇರೆ ಕೊಡಿ" ಅಂತಾರೆ. ಬೇರೆ ಕೊಟ್ಟ ಮೇಲೂ ಅದೇ ಕುಯ್ ಶಬ್ದ, ಅದೇ ಮಂಕು ದನಿ.

ಮೈಕಿಗೆ ಹಾಡುಗಾರರು ಯಾರು, ಡ್ರಮ್ ಯಾವುದು ಅಂತ ಗೊತ್ತಿಲ್ಲ. ತನ್ನ ಹತ್ತಿರ ಏನು ಜೋರಾಗಿ ಬರುತ್ತದೋ ಅದನ್ನು ಎತ್ತಿಕೊಳ್ಳುತ್ತದೆ. ಆದರೆ ಹಾಡುಗಾರರಿಗೆಂದು ಮಾಡಿದ ಹೆಚ್ಚಿನ ಮೈಕುಗಳಿಗೆ ಒಂದು ಕಿವುಡು ದಿಕ್ಕು ಇರುತ್ತದೆ. ಆ ದಿಕ್ಕಿನಿಂದ ಬಂದ ಶಬ್ದ ಅದಕ್ಕೆ ತುಂಬಾ ಕಡಿಮೆ ಕೇಳುತ್ತದೆ. ಗದ್ದಲದ ವೇದಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಅಂದರೆ ಬಾಯನ್ನು ಮೈಕಿಗೆ ಹತ್ತಿರ ತರುವುದು, ಗದ್ದಲವನ್ನು ಆ ಕಿವುಡು ದಿಕ್ಕಿಗೆ ತರುವುದು. ಇದಕ್ಕೆ ದುಡ್ಡು ಬೇಕಿಲ್ಲ. ಇದನ್ನು ಮಾಡದೆ ಹೊಸ ಮೈಕ್ ಕೊಳ್ಳಬೇಡಿ.

ನಿಮಗೆ ಕಾಣುತ್ತಿರುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಿ. ಪ್ರತಿ ಭಾಗದಲ್ಲೂ ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಆದರೆ ಮೊದಲನೆಯ ಭಾಗವನ್ನು ಎಲ್ಲರೂ ಓದಲೇಬೇಕು.

ಮೈಕ್ ತುಟಿಗೆ ತಾಗಿದರೆ ಜುಮ್ ಅನ್ನುತ್ತದೆ

ಕಾರ್ಯಕ್ರಮ ತಕ್ಷಣ ನಿಲ್ಲಿಸಿ. ಇದರಲ್ಲಿ "ಒಂದು ಹಾಡು ಮುಗಿಯಲಿ" ಅನ್ನುವ ಮಾತೇ ಇಲ್ಲ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಕರ್ಚೀಫ್ ಸುತ್ತಿ ಹಾಡಿಸುವುದನ್ನು ಎಷ್ಟೋ ಕಡೆ ನೋಡಬಹುದು. ಜುಮ್ ಅನ್ನಿಸುವುದು ನಿಂತರೂ ಕರೆಂಟು ಅಲ್ಲೇ ಇರುತ್ತದೆ. ಬೆವರಿದ ಕೈಯಲ್ಲಿ ಗಿಟಾರ್ ತಂತಿಯನ್ನೋ, ಕೀಬೋರ್ಡಿನ ಸ್ಟ್ಯಾಂಡನ್ನೋ ಹಿಡಿದು ಮೈಕ್ ಮುಟ್ಟಿದರೆ ಜೀವವೇ ಹೋಗಬಹುದು.

ಮಿಕ್ಸರ್ (ಎಲ್ಲಾ ಮೈಕುಗಳ ದನಿ ಸೇರಿಸಿ ಹೊಂದಿಸುವ ಪೆಟ್ಟಿಗೆ) ಸ್ವಿಚ್ ಆರಿಸಿದರೆ ಸಾಲದು, ಲೈನಿನ ಮೇನ್ ಆಫ್ ಮಾಡಿಸಿ. ಕಾರಣ ಹೆಚ್ಚಾಗಿ ಅರ್ತಿಂಗ್. ಎಕ್ಸ್‌ಟೆನ್ಷನ್ ಬೋರ್ಡಿನ ಮೂರನೇ ಪಿನ್ ಮುರಿದಿರುತ್ತದೆ. ಅಥವಾ ಮಿಕ್ಸರ್ ಜನರೇಟರಿನಿಂದ, ಕೀಬೋರ್ಡ್ ದೇವಸ್ಥಾನದ ಲೈನಿನಿಂದ ಕರೆಂಟು ತಗೊಂಡಿರುತ್ತದೆ. ಅಥವಾ ಜನರೇಟರಿಗೆ ಅರ್ತಿಂಗೇ ಕೊಟ್ಟಿರುವುದಿಲ್ಲ. ವೇದಿಕೆ ಮಳೆಯಲ್ಲಿ ನೆನೆದಿದ್ದರೆ ಅಪಾಯ ಇನ್ನೂ ಜಾಸ್ತಿ.

ಬೋರ್ಡ್ ಬದಲಾಯಿಸುವುದು, ವೇದಿಕೆಯ ಎಲ್ಲಾ ಸಾಮಾನನ್ನೂ ಒಂದೇ ಮೂಲದ ಕರೆಂಟಿಗೆ ಹಾಕಿಸುವುದು, ಇಷ್ಟನ್ನು ಮೇನ್ ಆಫ್ ಇರುವಾಗ ನೀವು ಮಾಡಬಹುದು. ಅಳೆದು ನೋಡುವುದು, ಅರ್ತಿಂಗ್ ಕೊಡುವುದು ಎಲೆಕ್ಟ್ರೀಷಿಯನ್ ಕೆಲಸ. ವೇದಿಕೆಯ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿ ಕೊಡಿ ಅಂತ ಕೇಳಿ. ಅವರು ನೋಡಿ ಸರಿ ಅನ್ನುವವರೆಗೆ ಯಾರೂ ಮೈಕ್ ಮುಟ್ಟಬಾರದು.

ಕುಯ್ ಎಂದು ಕೂಗುತ್ತದೆ

ಕೂಗು ಶುರುವಾದ ಕೂಡಲೇ ಆ ಮೈಕಿನ ಫೇಡರ್ (ಮಿಕ್ಸರಿನಲ್ಲಿ ದನಿ ಏರಿಸಿ ಇಳಿಸುವ ಜಾರುಗುಂಡಿ) ಕೆಳಗೆ ಎಳೆಯಿರಿ. ಯಾವ ಮೈಕ್ ಅಂತ ಗೊತ್ತಾಗದಿದ್ದರೆ ಎಲ್ಲಕ್ಕೂ ಒಂದೇ ಆಗಿರುವ ಮಾಸ್ಟರ್ ಫೇಡರ್ ಇಳಿಸಿ. ಕೂಗು ನಾಲ್ಕೈದು ಸೆಕೆಂಡ್ ಜೋರಾಗಿ ನಿಂತರೂ ಸ್ಪೀಕರಿನ ಹಾರ್ನ್ ಸುಟ್ಟು ಹೋಗಬಹುದು. ಮುಂದಿನ ಸಾಲಿನಲ್ಲಿ ಕೂತ ಮಕ್ಕಳ ಕಿವಿಯನ್ನೂ ನೆನಪಿಡಿ.

ಕೂಗುವುದು ಯಾಕೆ? ಮೈಕಿಗೆ ಹೋದ ದನಿ ಸ್ಪೀಕರಿನಲ್ಲಿ ಬಂದು, ಮತ್ತೆ ಅದೇ ಮೈಕಿಗೆ ಸೇರಿ, ಸುತ್ತು ಹೊಡೆಯುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಬೆಳೆದರೆ ಕೂಗು. ಆ ಸುತ್ತನ್ನು ಎಲ್ಲಿ ಬೇಕಾದರೂ ತುಂಡು ಮಾಡಬಹುದು. ಅಗ್ಗದ ಜಾಗದಿಂದ ಶುರು ಮಾಡೋಣ.

*ಕೈ ನೋಡಿ.* ಎಷ್ಟೋ ಹಾಡುಗಾರರು ಸ್ಟೈಲಿಗೆಂದು ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಮೈಕಿಗೆ ಕಿವುಡು ದಿಕ್ಕು ಬರುವುದೇ ಜಾಲರಿಯ ಹಿಂಭಾಗದಿಂದ ಒಳಗೆ ಹೋಗುವ ಶಬ್ದದಿಂದ. ಅದನ್ನು ಕೈಯಿಂದ ಮುಚ್ಚಿದರೆ ಮೈಕಿಗೆ ಎಲ್ಲಾ ದಿಕ್ಕೂ ಒಂದೇ ಥರ ಕೇಳುತ್ತದೆ. ಪರೀಕ್ಷೆ ಸುಲಭ. ಫೇಡರ್ ಮುಟ್ಟದೆ ಮೈಕನ್ನು ಸ್ಟ್ಯಾಂಡಿಗೆ ಹಾಕಿ. ಕೂಗು ನಿಂತರೆ ತಪ್ಪು ಕೈಯದ್ದು. ಹಾಡುಗಾರರಿಗೆ ಹೇಳಿ: "ಹಿಡಿ ಮಾತ್ರ ಹಿಡ್ಕೊಳ್ಳಿ, ಜಾಲರಿ ಮುಟ್ಟಬೇಡಿ." ಸೌಂಡ್ ಚೆಕ್‌ನಲ್ಲೇ ಒಮ್ಮೆ ಮುಚ್ಚಿ ತೋರಿಸಿದರೆ ಆಮೇಲೆ ಹೇಳಬೇಕಾಗುವುದಿಲ್ಲ.

*ದೂರ ನೋಡಿ.* ತುಟಿಯಿಂದ 2 ಇಂಚಿನಲ್ಲಿದ್ದ ಮೈಕ್ 4 ಇಂಚಿಗೆ ಹೋದರೆ ದನಿ ಸುಮಾರು 6 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ಬೀಳುತ್ತದೆ. 8 ಇಂಚಿಗೆ ಹೋದರೆ 12. ಅದನ್ನು ತುಂಬಲು ನೀವು ಗೇನ್ (ಮೈಕಿನಿಂದ ಬಂದ ದನಿಯನ್ನು ಮಿಕ್ಸರ್ ಮೊದಲಿಗೆ ಹಿಗ್ಗಿಸುವ ಮಟ್ಟ) ಏರಿಸುತ್ತೀರಿ, ಕೂಗು ಅಲ್ಲಿಂದಲೇ ಹುಟ್ಟುತ್ತದೆ. ಗದ್ದಲದ ವೇದಿಕೆಯಲ್ಲಿ ಎರಡು ಬೆರಳಿಗಿಂತ ಜಾಸ್ತಿ ದೂರ ಬೇಡ. ಹೊಟ್ಟೆಯ ಮಟ್ಟದಲ್ಲಿ ಮೈಕ್ ಹಿಡಿದು ಹಾಡುವವರಿಗೆ ಯಾವ ಕಂಪನಿಯ ಮೈಕ್ ಕೊಟ್ಟರೂ ಇಷ್ಟೇ.

*ಮಾನಿಟರ್ ಎಲ್ಲಿದೆ, ಮೈಕಿನ ಬಾಲ ಎಲ್ಲಿ ನೋಡುತ್ತಿದೆ?* ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೂಗು ಹೋಗುತ್ತದೆ. ಮಾನಿಟರ್ ಅಂದರೆ ವೇದಿಕೆಯ ಮೇಲಿನವರಿಗೇ ಕೇಳಿಸಲು ಇಟ್ಟ ಸ್ಪೀಕರ್, ಬಾಲ ಅಂದರೆ ಮೈಕಿನ ಹಿಂದಿನ ತುದಿ. ಯಾವ ದಿಕ್ಕಿನಿಂದ ಎಷ್ಟು ಕೇಳುತ್ತದೆ ಅನ್ನುವುದರ ಮೇಲೆ ಮೈಕುಗಳಲ್ಲಿ ಜಾತಿಗಳಿವೆ. ಕಾರ್ಡಿಯಾಯ್ಡ್ ಮೈಕಿನ ಕಿವುಡು ದಿಕ್ಕು ನೇರ ಹಿಂದೆ, ಅಂದರೆ ಬಾಲದ ಕಡೆ. ಶೂರ್ ಎಸ್‌ಎಂ58 ಈ ಜಾತಿಯದು. ಹಾಗಾಗಿ ಅದರ ಬಾಲ ಕೆಳಗೆ ಇಳಿದು ಮಾನಿಟರನ್ನೇ ನೋಡುವಂತೆ ಹಿಡಿಯಬೇಕು. ಸೂಪರ್‌ಕಾರ್ಡಿಯಾಯ್ಡ್ ಹಾಗಲ್ಲ. ಶೂರ್ ಬೀಟಾ 58ಎ, ಸೆನ್‌ಹೈಸರ್ ಇ945 ಈ ಗುಂಪಿನವು. ಇವಕ್ಕೆ ನೇರ ಹಿಂದಿನಿಂದ ಸ್ವಲ್ಪ ಕೇಳುತ್ತದೆ. ಪೂರ್ತಿ ಕಿವುಡಾಗುವುದು ಮುಂಭಾಗದಿಂದ ಸುಮಾರು 126 ಡಿಗ್ರಿ ತಿರುಗಿದ ಕಡೆ, ಅಂದರೆ ಬಾಲದಿಂದ 54 ಡಿಗ್ರಿ ಆಚೆ, ಸುತ್ತಲೂ.

ಈಗ ವೇದಿಕೆಯಲ್ಲಿ ನಿಂತು ನೋಡಿ. ಹಾಡುಗಾರರ ಬಾಯಿ ನೆಲದಿಂದ ಸುಮಾರು 5 ಅಡಿ ಮೇಲೆ. ಮಾನಿಟರ್ ಮುಂದೆ ಮೂರೂವರೆ, ನಾಲ್ಕು ಅಡಿಯಲ್ಲಿ ನೆಲದ ಮೇಲೆ. ಬಾಯಿಯಿಂದ ಮಾನಿಟರಿಗೆ ಗೆರೆ ಎಳೆದರೆ ಅದು 50ರಿಂದ 55 ಡಿಗ್ರಿ ಕೆಳಗೆ ಇಳಿಯುತ್ತದೆ. ಹಾಗಾಗಿ ಸೂಪರ್‌ಕಾರ್ಡಿಯಾಯ್ಡ್ ಮೈಕನ್ನು ನೆಲಕ್ಕೆ ಸಮನಾಗಿ ಅಡ್ಡ ಹಿಡಿದರೆ ಮಾನಿಟರ್ ತಾನಾಗಿ ಕಿವುಡು ದಿಕ್ಕಿಗೆ ಬರುತ್ತದೆ. ಅದೇ ಮೈಕಿನ ಬಾಲವನ್ನು ಮಾನಿಟರಿಗೆ ತೋರಿಸಿದರೆ ಕೂಗು ಜಾಸ್ತಿಯಾಗುತ್ತದೆ. "ಎಸ್‌ಎಂ58ರಲ್ಲಿ ಸರಿ ಇತ್ತು, ದುಬಾರಿ ಮೈಕ್ ತಂದ ಮೇಲೆ ಕೂಗು ಶುರುವಾಯ್ತು" ಅನ್ನುವವರ ವೇದಿಕೆಯಲ್ಲಿ ಆಗಿರುವುದು ಹೆಚ್ಚಾಗಿ ಇದೇ. ಮೈಕ್ ಬದಲಾಯಿತು, ಮಾನಿಟರ್ ಹಳೆಯ ಜಾಗದಲ್ಲೇ ಉಳಿಯಿತು.

*ಎಷ್ಟು ಮೈಕ್ ತೆರೆದಿವೆ?* ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕೂಗಿಲ್ಲದೆ ಏರಿಸಬಹುದಾದ ಸೌಂಡ್ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಒಂದರ ಬದಲು 8 ತೆರೆದಿದ್ದರೆ 9 ಡೆಸಿಬೆಲ್ ಹೋಯಿತು. ನಿರೂಪಕರ ಮೈಕ್, ಕೋರಸ್ ಮೈಕ್, ಸನ್ಮಾನಕ್ಕೆ ಇಟ್ಟ ಪೋಡಿಯಂ ಮೈಕ್, ಯಾರೂ ಮಾತಾಡದಿರುವಾಗ ಮ್ಯೂಟ್ ಮಾಡಿ.

*ಮೇನ್ ಸ್ಪೀಕರ್ ಎಲ್ಲಿದೆ?* ಜಾಗ ಇಲ್ಲ ಅಂತ ಸ್ಪೀಕರನ್ನು ಹಾಡುಗಾರರ ಬೆನ್ನ ಹಿಂದೆ ಇಟ್ಟಿದ್ದರೆ ಅದು ನೇರವಾಗಿ ಮೈಕಿನ ಬಾಯಿಗೆ ಬರುತ್ತದೆ. ಮೈಕಿಗಿಂತ ಮುಂದಕ್ಕೆ ಎಳೆಯಿರಿ. ಎರಡು ಅಡಿ ಸರಿದರೂ ವ್ಯತ್ಯಾಸ ಕೇಳುತ್ತದೆ.

*ಮಾನಿಟರಿಗೆ ಎಕೋ ಹೋಗುತ್ತಿದೆಯೇ?* ತೆಗೆಯಿರಿ. ಹಾಡುಗಾರರಿಗೆ ಇಷ್ಟವಾಗುತ್ತದೆ ನಿಜ, ಆದರೆ ಕೂಗಿಗೂ ಅದು ಇಷ್ಟ.

ಇಷ್ಟೆಲ್ಲಾ ಆದ ಮೇಲೆ ಇಕ್ಯು, ಅಂದರೆ ದಪ್ಪ, ಚೂಪು ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಗುಂಡಿಗಳು. ಕೂಗು ಯಾವ ಸ್ವರದಲ್ಲಿದೆ ಕೇಳಿಸಿಕೊಳ್ಳಿ. "ಊ" ಎಂದು ಗುಮ್ಮಿಡುತ್ತಿದ್ದರೆ 250ರಿಂದ 500 ಹರ್ಟ್ಜ್ ಸುತ್ತ ಹುಡುಕಿ. ಗಂಟಲಿನಿಂದ ಬಂದಂತೆ "ಆ" ಎಂದರೆ 1000ದ ಆಸುಪಾಸು. ವಿಸಿಲ್ ಥರ ಚುಚ್ಚಿದರೆ 2000ದಿಂದ 4000, ಕೆಲವೊಮ್ಮೆ ಅದಕ್ಕೂ ಮೇಲೆ. ಮಾನಿಟರಿನ ಇಕ್ಯುನಲ್ಲಿ ಆ ಜಾಗ ಮಾತ್ರ 3ರಿಂದ 6 ಡೆಸಿಬೆಲ್ ಇಳಿಸಿ. ಮೂರು, ನಾಲ್ಕು ಕಡೆ ಇಳಿಸಿದ ಮೇಲೂ ಕೂಗಿದರೆ ಇಕ್ಯು ಬಿಟ್ಟುಬಿಡಿ. ಇನ್ನೂ ಕತ್ತರಿಸಿದರೆ ಹಾಡುಗಾರರ ದನಿಯೇ ಉಳಿಯುವುದಿಲ್ಲ. ಈ ಕೆಲಸವನ್ನು ಜನ ಬರುವ ಮೊದಲು ಮಾಡಿ. ಬೇಕೆಂದೇ ಕೂಗಿಸಿ ನೋಡುವಾಗ ಫೇಡರ್ ನಿಧಾನಕ್ಕೆ ಏರಿಸಿ, ಮಾನಿಟರಿನ ಮುಂದೆ ಯಾರೂ ನಿಂತಿರಬಾರದು.

ಹಾಡುಗಾರರ ಮೈಕಿನಲ್ಲಿ ಡ್ರಮ್ಮೋ ಚೆಂಡೆಯೋ ಜಾಸ್ತಿ ಬರುತ್ತಿದೆ

ಮೊದಲು ಖಚಿತ ಮಾಡಿಕೊಳ್ಳಿ. ಮಿಕ್ಸರಿನಲ್ಲಿ ಆ ಒಂದು ಮೈಕನ್ನು ಮಾತ್ರ ಹೆಡ್‌ಫೋನಿನಲ್ಲಿ ಕೇಳಿ. ವಾದ್ಯದವರು ನುಡಿಸಲಿ, ಹಾಡುಗಾರರು ಸುಮ್ಮನಿರಲಿ. ಆಮೇಲೆ ಇಬ್ಬರೂ ಒಟ್ಟಿಗೆ. ಹಾಡುವಾಗಲೂ ಡ್ರಮ್ಮಿನ ಸಿಂಬಲ್ (ಲೋಹದ ತಟ್ಟೆ) ಹಾಡಿನ ದನಿಯಷ್ಟೇ ಜೋರಿದ್ದರೆ ಮಿಕ್ಸರಿನಲ್ಲಿ ಸರಿಮಾಡಲು ಆಗದು. ಫೇಡರ್ ಏರಿಸಿದರೆ ಎರಡೂ ಏರುತ್ತವೆ.

ಗದ್ದಲ ಯಾವ ದಿಕ್ಕಿನಿಂದ ಬರುತ್ತಿದೆ ಅನ್ನುವುದರ ಮೇಲೆ ಪರಿಹಾರ ನಿಂತಿದೆ.

ಡ್ರಮ್ ಹಾಡುಗಾರರ ಬೆನ್ನ ಹಿಂದೆ ಇದ್ದರೆ, ಅದು ಮೈಕಿನ ಮುಂಭಾಗಕ್ಕೇ ಬರುತ್ತದೆ. ಮೈಕ್ ಬಾಯಿಯ ಕಡೆ ನೋಡುತ್ತಿದೆ, ಬಾಯಿಯ ಹಿಂದೆ ಡ್ರಮ್ ಇದೆ. ಇಲ್ಲಿ ಯಾವ ಜಾತಿಯ ಮೈಕೂ ಉಪಯೋಗಕ್ಕೆ ಬರುವುದಿಲ್ಲ. ಅಡ್ಡ ಬರುವುದು ಹಾಡುಗಾರರ ತಲೆ ಮಾತ್ರ. ನಮ್ಮ ಕಡೆಯ ಬಹುತೇಕ ವೇದಿಕೆಗಳಲ್ಲಿ ಡ್ರಮ್ ನಟ್ಟನಡುವೆ ಹಿಂದೆ ಇರುತ್ತದೆ, ಹಾಡುಗಾರರು ನಟ್ಟನಡುವೆ ಮುಂದೆ. ಡ್ರಮ್ಮನ್ನು ಒಂದು ಬದಿಗೆ ಸರಿಸಿ. ಅದು ಆಗದಿದ್ದರೆ ಹಾಡುಗಾರರ ಸ್ಟ್ಯಾಂಡನ್ನು ಮೂರು ಅಡಿ ಪಕ್ಕಕ್ಕೆ ತಂದು ಸ್ವಲ್ಪ ಓರೆ ಮಾಡಿ. ಫೋಟೋಗೆ ಚೆನ್ನಾಗಿ ಕಾಣುವುದಿಲ್ಲ ಅಂತ ಸಂಘಟಕರು ಗೊಣಗಬಹುದು. ಪದ ಕೇಳಿಸಬೇಕೋ ಬೇಡವೋ ಅಂತ ಕೇಳಿ.

ಡ್ರಮ್ ಬದಲು ರಿದಂ ಪ್ಯಾಡ್ ಇದ್ದರೆ ನೀವು ಅದೃಷ್ಟವಂತರು. ಪ್ಯಾಡಿಗೆ ತನ್ನದೇ ಶಬ್ದ ಇಲ್ಲ. ವೇದಿಕೆಯ ಮೇಲೆ ಕೇಳುವುದೆಲ್ಲಾ ಮಾನಿಟರಿನದ್ದು. ಆ ಮಾನಿಟರ್ ಇಳಿಸಿ, ಇಲ್ಲವೇ ನುಡಿಸುವವರಿಗೆ ಹೆಡ್‌ಫೋನ್ ಕೊಡಿ. ಕೆಲಸ ಮುಗಿಯಿತು.

ಯಕ್ಷಗಾನದ ಭಾಗವತರ ಮೈಕ್ ಇದೆಲ್ಲಕ್ಕಿಂತ ಕಷ್ಟದ್ದು. ಚೆಂಡೆಯ ಪೆಟ್ಟು ಅಷ್ಟು ಹತ್ತಿರದಿಂದ ಬರುವಾಗ ಮಾನಿಟರ್ ಇಳಿಸಿ ಪ್ರಯೋಜನವಿಲ್ಲ, ಏಕೆಂದರೆ ಅದು ವಾದ್ಯದ್ದೇ ಶಬ್ದ. ಚೆಂಡೆಯವರನ್ನು ಮೆಲ್ಲಗೆ ನುಡಿಸಿ ಅನ್ನುವುದು ಸರಿಯೂ ಅಲ್ಲ, ಅದು ಆಟದ ಉಸಿರು. ಭಾಗವತರ ಎರಡೂ ಕೈ ತಾಳಕ್ಕೋ ಜಾಗಟೆಗೋ ಮೀಸಲು. ಹಾಗಾಗಿ ಮೈಕ್ ಸ್ಟ್ಯಾಂಡಿನ ಮೇಲೆ. ಅವರು ವೇಷಧಾರಿಯ ಕಡೆ ನೋಡುತ್ತಾ ಹಾಡುತ್ತಾರೆ, ತಲೆ ಆ ಕಡೆ ಈ ಕಡೆ ತಿರುಗುತ್ತದೆ.

ಇಲ್ಲಿ ಚೆಂಡೆ ಇರುವುದು ಪಕ್ಕದಲ್ಲಿ, ಲೆಕ್ಕ ಬದಲಾಗುತ್ತದೆ. ಮುಂಭಾಗಕ್ಕೆ ಹೋಲಿಸಿದರೆ ನೇರ ಪಕ್ಕದಿಂದ ಬಂದ ಶಬ್ದವನ್ನು ಕಾರ್ಡಿಯಾಯ್ಡ್ 6 ಡೆಸಿಬೆಲ್ ಕಡಿಮೆ ಮಾಡುತ್ತದೆ, ಸೂಪರ್‌ಕಾರ್ಡಿಯಾಯ್ಡ್ ಸುಮಾರು 9, ಇನ್ನೂ ಕಿರಿದಾಗಿ ಕೇಳುವ ಹೈಪರ್‌ಕಾರ್ಡಿಯಾಯ್ಡ್ 12. ಅಂದರೆ ಪಕ್ಕದ ಚೆಂಡೆಗೆ ಹೈಪರ್ ಒಳ್ಳೆಯದು. ಹೈಪರಿನ ಕಿವುಡು ದಿಕ್ಕು ಮುಂಭಾಗದಿಂದ 110 ಡಿಗ್ರಿಯಷ್ಟು. ಮೈಕನ್ನು ಬಾಯಿಗೆ ನೇರ ಇಡದೆ, ಚೆಂಡೆ ಇರುವ ಬದಿಯಿಂದ ಬಾಯಿಯ ಕಡೆ ಸ್ವಲ್ಪ ಓರೆಯಾಗಿ ತನ್ನಿ. ಆಗ ಮೈಕಿನ ಬೆನ್ನು ಚೆಂಡೆಯ ಕಡೆ ತಿರುಗಿ, 110 ಡಿಗ್ರಿಯ ಜಾಗ ಅದಕ್ಕೆ ಸರಿಯಾಗಿ ಸಿಗುತ್ತದೆ. ಆಮೇಲೆ ಬೂಮ್ ಸ್ಟ್ಯಾಂಡಿನ ಸ್ಕ್ರೂ ಗಟ್ಟಿ ಮಾಡಿ, ಭಾಗವತರನ್ನೇ ಕೇಳಿ: "ಭಾಗವತರೇ, ರಂಗಸ್ಥಳದ ಕಡೆ ತಿರುಗಿದಾಗ ಮೈಕ್ ಅಡ್ಡ ಬರ್ತದಾ?" ಅಡ್ಡ ಬಂದರೆ ಅವರು ತಾವೇ ದೂರ ತಳ್ಳುತ್ತಾರೆ, ನಿಮ್ಮ ಲೆಕ್ಕವೆಲ್ಲಾ ಹೋಯಿತು.

ತೆಳ್ಳಗಿನ, ಬಾಗುವ ಕತ್ತಿನ ಗೂಸ್‌ನೆಕ್ ಮೈಕ್ ಅಂದವಾಗಿ ಕಾಣುತ್ತದೆ, ಆದರೆ ಅದು ಬಾಯಿಯಿಂದ ಒಂದು ಅಡಿ ದೂರ ನಿಲ್ಲುತ್ತದೆ. ಚೆಂಡೆಯ ಪಕ್ಕ ಅದು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡಿಸಿಬಿಡುತ್ತೇನೆ. "ಸೆನ್ಸಿಟಿವ್ ಮೈಕ್ ದೂರದ್ದನ್ನೆಲ್ಲಾ ಎಳೆಯುತ್ತದೆ" ಅಂತಾರೆ. ಸೆನ್ಸಿಟಿವಿಟಿ ಜಾಸ್ತಿ ಇದ್ದರೆ ನೀವು ಗೇನ್ ಅಷ್ಟು ಕಡಿಮೆ ಇಡುತ್ತೀರಿ. ದನಿಗೂ ಡ್ರಮ್ಮಿಗೂ ಇರುವ ಅಂತರ ಹಾಗೇ ಉಳಿಯುತ್ತದೆ. ಅಂತರ ಬದಲಾಯಿಸುವುದು ಬಾಯಿಯ ದೂರ ಮತ್ತು ಮೈಕಿನ ದಿಕ್ಕು. ಕಂಡೆನ್ಸರ್ ಮೈಕುಗಳಲ್ಲಿ (ಮಿಕ್ಸರಿನಿಂದ ಕರೆಂಟು ಬೇಕಾಗುವ ಜಾತಿ) ಸಿಂಬಲ್ ಜಾಸ್ತಿ ಅನ್ನಿಸುವುದು ನಿಜ, ಅದಕ್ಕೆ ಮುಖ್ಯ ಕಾರಣ ಅವು ಟ್ರೆಬಲ್ಲನ್ನು, ಅಂದರೆ ಚೂಪು ಸ್ವರವನ್ನು, ಚೆನ್ನಾಗಿ ಹಿಡಿಯುವುದು.

ದನಿ ಕೇಳುತ್ತದೆ, ಪದ ಅರ್ಥವಾಗುವುದಿಲ್ಲ

ಎಕೋ ಪೂರ್ತಿ ಆಫ್ ಮಾಡಿ ಒಂದು ಸಾಲು ಹಾಡಿಸಿ. ಪದ ಸ್ಪಷ್ಟವಾದರೆ ಇನ್ನು ಹುಡುಕಬೇಡಿ, ಎಕೋವನ್ನು ಅರ್ಧಕ್ಕೆ ಇಟ್ಟು ಬಿಡಿ.

ಆಗಲಿಲ್ಲ ಅಂದರೆ ಬಾಸ್ ನೋಡಿ. ಈ ಮೈಕುಗಳಲ್ಲಿ ಬಾಯಿ ಹತ್ತಿರ ಬಂದಷ್ಟೂ ಬಾಸ್ ಏರುತ್ತದೆ. ಹತ್ತಿರ ಹಾಡಿ ಅಂತ ನಾನೇ ಮೇಲೆ ಹೇಳಿದ್ದರಿಂದ ಅದರ ಬೆಲೆಯನ್ನೂ ಹೇಳಬೇಕು. ಚಾನೆಲ್ಲಿನಲ್ಲಿ ಲೋ ಕಟ್ ಬಟನ್ ಇರುತ್ತದೆ, ಒತ್ತಿ. 100ರಿಂದ 120 ಹರ್ಟ್ಜ್ ಕೆಳಗಿನದ್ದು ಹಾಡುವ ದನಿಗೆ ಬೇಕಿಲ್ಲ. ಹಲಗೆಯ ಮೇಲೆ ಕುಣಿಯುವ ಕಾಲಿನ ದಡಬಡವೂ ಅದರಲ್ಲೇ ಹೋಗುತ್ತದೆ. ಇನ್ನೂ ಗುಂ ಅನ್ನುತ್ತಿದ್ದರೆ 200ರಿಂದ 300ರಲ್ಲಿ ಸ್ವಲ್ಪ ಇಳಿಸಿ.

ಆಮೇಲೆ ಜಾಲರಿ ಬಿಚ್ಚಿ ನೋಡಿ. ಒಳಗಿನ ಸ್ಪಂಜಿನಲ್ಲಿ ವರ್ಷಗಟ್ಟಲೆ ಎಂಜಲು, ಧೂಳು, ಲಿಪ್‌ಸ್ಟಿಕ್ ಸೇರಿ ಗಟ್ಟಿಯಾಗಿರುತ್ತದೆ. ಟ್ರೆಬಲ್ ಅಲ್ಲೇ ನಿಂತುಹೋಗುತ್ತದೆ. ಮೈಕಿನ ತಲೆ ತಿರುಪಿ ತೆಗೆದು, ಜಾಲರಿ ಮತ್ತು ಸ್ಪಂಜನ್ನು ಮಾತ್ರ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಳಗಿನ ಕ್ಯಾಪ್ಸೂಲಿಗೆ (ಶಬ್ದ ಹಿಡಿಯುವ ಭಾಗಕ್ಕೆ) ಒಂದು ಹನಿಯೂ ತಾಗಬಾರದು. ಮಂಕು ಅಂತ ಬದಿಗಿಟ್ಟ ಮೈಕ್ ಇಷ್ಟರಲ್ಲೇ ಎದ್ದು ಕೂರುವುದುಂಟು. ಊರೂರು ತಿರುಗುವ ಮೈಕಿಗೆ ಇದು ಶುಚಿಯ ದೃಷ್ಟಿಯಿಂದಲೂ ಬೇಕು.

ಪ, ಬ, ಭ ಬಂದಾಗ ಡಬ್ ಅಂದರೆ ಮೈಕನ್ನು ಬಾಯಿಯ ನೇರದಿಂದ ತುಟಿಯ ಅಂಚಿಗೆ ಸರಿಸಿ, ದೂರ ಮಾಡಬೇಡಿ. ಸ, ಶ, ಚ ಚುಚ್ಚಿದರೆ 5000ದಿಂದ 8000 ಹರ್ಟ್ಜ್ ನಡುವೆ ಹುಡುಕಿ ಇಳಿಸಿ.

ಕೊನೆಯದಾಗಿ, ಕೀಬೋರ್ಡಿನವರು ಎಡಗೈಯಲ್ಲಿ ದಪ್ಪ ಕಾರ್ಡ್ (ಒಟ್ಟಿಗೆ ಒತ್ತಿದ ಕೆಲವು ಸ್ವರ) ಹಿಡಿದಿರುತ್ತಾರಲ್ವಾ, ಅದು ದನಿ ಇರುವ ಜಾಗದಲ್ಲೇ ಕೂರುತ್ತದೆ. ಚರಣ ಹಾಡುವಾಗ ಅದನ್ನು ಇಳಿಸಿ.

ದನಿ ತೆಳ್ಳಗೆ, ಎಲ್ಲೋ ದೂರದಿಂದ ಬಂದ ಹಾಗೆ

ಹಾಡುಗಾರರು ಮೈಕಿನ ಪಕ್ಕಕ್ಕೆ ಹಾಡುತ್ತಿದ್ದಾರಾ ನೋಡಿ. ಸೂಪರ್, ಹೈಪರ್ ಮೈಕುಗಳ ಮುಂಭಾಗ ಕಿರಿದು. ತಲೆ ತಿರುಗಿಸಿದರೆ ದನಿ ಜಾರಿಹೋಗುತ್ತದೆ.

ಒಂದೇ ಬಾಯಿಯ ಮುಂದೆ ಎರಡು ಮೈಕ್ ಇದ್ದರೆ ಒಂದನ್ನು ಮ್ಯೂಟ್ ಮಾಡಿ. ದನಿ ತುಂಬಿ ಬಂದರೆ ಎರಡರಲ್ಲಿ ಒಂದರ ಕೇಬಲ್ ತಿರುಗುಮುರುಗಾಗಿ ಬೆಸುಗೆಯಾಗಿದೆ ಅಂತ ಅನುಮಾನಿಸಿ. ಎಕ್ಸ್‌ಎಲ್‌ಆರ್‌ನಲ್ಲಿ ಅಂದರೆ ಮೈಕ್ ಕೇಬಲ್ಲಿನ ಮೂರು ಪಿನ್ನಿನ ಕನೆಕ್ಟರಿನಲ್ಲಿ, 1ನೇ ಪಿನ್ ಅರ್ತ್, 2 ಪ್ಲಸ್, 3 ಮೈನಸ್. 2 ಮತ್ತು 3 ಅದಲುಬದಲಾದರೆ ಒಂಟಿಯಾಗಿ ಕೇಳುವಾಗ ಗೊತ್ತಾಗುವುದಿಲ್ಲ. ಇನ್ನೊಂದರ ಜೊತೆ ಸೇರಿದಾಗ ಎರಡೂ ಒಂದನ್ನೊಂದು ಕಳೆಯುತ್ತವೆ. ಮಲ್ಟಿಮೀಟರ್ ಇದ್ದರೆ ಐದು ನಿಮಿಷದ ಕೆಲಸ.

ಕರಕರ, ಗುಂಯ್, ಅಥವಾ ದನಿಯೇ ಇಲ್ಲ

ಕೇಬಲ್, ಮತ್ತೆ ಕೇಬಲ್. ಮೈಕ್ ಹಾಗೇ ಇಟ್ಟು ಕೇಬಲ್ ಬದಲಾಯಿಸಿ. ಹೋಗಲಿಲ್ಲವೇ, ಮಿಕ್ಸರಿನ ಬೇರೆ ಚಾನೆಲ್ಲಿಗೆ ಹಾಕಿ. ಆಮೇಲೆ ಮೈಕ್. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಇಲ್ಲದಿದ್ದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ. ಕೆಟ್ಟ ಕೇಬಲ್ಲಿಗೆ ಅಲ್ಲೇ ಗಂಟು ಹಾಕಿ ಬೇರೆ ಇಡಿ. ಮೈಕಿನಲ್ಲಿ ಆನ್-ಆಫ್ ಸ್ವಿಚ್ ಇದ್ದರೆ ಆನ್ ಮಾಡಿ ಟೇಪ್ ಸುತ್ತಿ. ಕಂಡೆನ್ಸರ್ ಮೈಕ್ ಆದರೆ ಮಿಕ್ಸರಿನಲ್ಲಿ 48 ವೋಲ್ಟ್ ಬಟನ್ ಒತ್ತಿದ್ದೀರಾ ನೋಡಿ. ಅದನ್ನು ಒತ್ತುವಾಗ ಫೇಡರ್ ಕೆಳಗಿರಲಿ.

ಗುಂಯ್ ಎಂಬ ಶಬ್ದ ಹೆಚ್ಚಾಗಿ 50 ಹರ್ಟ್ಜ್ ಕರೆಂಟಿನ ಸಹವಾಸ. ಮೈಕ್ ಕೇಬಲ್ಲನ್ನು ಕರೆಂಟಿನ ವೈರಿನಿಂದ, ಲೈಟಿನ ಡಿಮ್ಮರಿನಿಂದ ದೂರ ಮಾಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಜೊತೆಯಾಗಿ ಎಳೆಯಬೇಡಿ. ಗುಂಯ್ ನಿಲ್ಲಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಕೀಳುವವರಿದ್ದಾರೆ. ಮೊದಲ ಭಾಗದ ಜುಮ್ ಹುಟ್ಟುವುದು ಇಲ್ಲಿಂದಲೇ. ದಯವಿಟ್ಟು ಮಾಡಬೇಡಿ, ಮಾಡಲೂ ಬಿಡಬೇಡಿ.

ಜೋರಾಗಿ ಹಾಡಿದಾಗ ದನಿ ಒಡೆಯುತ್ತದೆ

ಚಾನೆಲ್ಲಿನ ಕೆಂಪು ದೀಪ ಮಿನುಗಿದರೆ ಗೇನ್ ಇಳಿಸಿ, ಫೇಡರಿನಲ್ಲಿ ತುಂಬಿಕೊಳ್ಳಿ. ದೀಪ ಇಲ್ಲದೆ ಒಡೆದರೆ ಆಂಪ್ಲಿಫೈಯರಿನ ದೀಪ ನೋಡಿ. ಕಾರ್ಡ್‌ಲೆಸ್ ಆದರೆ ಟ್ರಾನ್ಸ್‌ಮಿಟರಿನಲ್ಲೂ ಒಂದು ಗೇನ್ ಇರುತ್ತದೆ, ಅದನ್ನು ಮರೆಯುವುದು ಸಾಮಾನ್ಯ. ಸ್ಪೀಕರಿನಿಂದ ಸುಟ್ಟ ವಾಸನೆ ಬಂದರೆ ಆ ಸ್ಪೀಕರ್ ಆ ರಾತ್ರಿಗೆ ಮುಗಿಯಿತು, ಬಿಚ್ಚಿ ರಿಪೇರಿಯವರಿಗೆ ಕೊಡಿ.

ಕಾರ್ಡ್‌ಲೆಸ್ ಮೈಕ್ ತುಂಡು ತುಂಡಾಗಿ ಕೇಳುತ್ತದೆ

ಬ್ಯಾಟರಿ ಹೊಸದು ಹಾಕಿ, ಉಳಿದ ಗೆರೆಗಳನ್ನು ನಂಬಬೇಡಿ. ರಿಸೀವರಿನ ಆಂಟೆನಾ ವೇದಿಕೆಗೆ ಕಾಣುವಂತಿರಬೇಕು. ಜನರ ಹಿಂದೆ, ಮಿಕ್ಸರ್ ಟೇಬಲ್ಲಿನ ಕೆಳಗೆ ಇಟ್ಟರೆ ನಡುವೆ ಕೂತ ಜನರ ದೇಹವೇ ಸಿಗ್ನಲ್ ನುಂಗುತ್ತದೆ. ರಿಸೀವರನ್ನು ವೇದಿಕೆಯ ಬದಿಗೆ ತಂದು ಅಲ್ಲಿಂದ ಕೇಬಲ್ ಎಳೆಯಿರಿ. ಎಲ್‌ಇಡಿ ಪರದೆಯಿಂದ ಮಾತ್ರ ದೂರ ಇಡಿ, ಅದು ರೇಡಿಯೋ ಗದ್ದಲ ಉಗುಳುತ್ತದೆ. ಪರದೆ ಆನ್ ಇರುವಾಗಲೇ ಮೈಕ್ ಹಿಡಿದು ವೇದಿಕೆಯ ಮೂಲೆ ಮೂಲೆ ನಡೆದು ನೋಡಿ. ಎರಡು ಸೆಟ್ ಒಂದೇ ಚಾನೆಲ್ಲಿನಲ್ಲಿದ್ದರೂ ಹೀಗೇ ಆಗುತ್ತದೆ. ಮೈಕಿನ ಬಾಲದಲ್ಲಿ ಆಂಟೆನಾ ಇರುವ ಸೆಟ್ಟುಗಳಲ್ಲಿ ಬಾಲ ಮುಚ್ಚಿ ಹಿಡಿಯಬಾರದು. ಒಂದು ವೈರ್ ಮೈಕ್ ಯಾವಾಗಲೂ ಸಿದ್ಧ ಇರಲಿ.

ಏನು ಮಾಡಿದರೂ ದನಿ ಮೇಲೆ ಬರುತ್ತಿಲ್ಲ

ಎಲ್ಲಾ ಮೈಕ್, ಎಲ್ಲಾ ಸ್ಪೀಕರ್ ಆಫ್ ಮಾಡಿ ತಂಡದವರನ್ನು ನುಡಿಸಲು ಹೇಳಿ. ನಡುವೆ ನಿಂತು ಪಕ್ಕದವರ ಜೊತೆ ಮಾತಾಡಿ. ಕಿರುಚದೆ ಕೇಳಿಸದಿದ್ದರೆ ತೊಂದರೆ ವೇದಿಕೆಯದು. ಗಿಟಾರ್ ಆಂಪ್ಲಿಫೈಯರನ್ನು ನುಡಿಸುವವರ ಮೊಣಕಾಲಿನ ಬದಲು ಕಿವಿಯ ಕಡೆ ತಿರುಗಿಸಿ, ಅವರೇ ಇಳಿಸುತ್ತಾರೆ. ಡ್ರಮ್ಮಿನ ಕೆಳಗೂ ಹಿಂದೂ ದಪ್ಪ ಜಮಖಾನ ಹಾಕಿ. ಮಾನಿಟರಿನಲ್ಲಿ ಎಲ್ಲವನ್ನೂ ಕೊಡಬೇಡಿ, ಹಾಡುಗಾರರಿಗೆ ಅವರ ದನಿ ಮತ್ತು ಶ್ರುತಿಗೆ ಒಂದು ವಾದ್ಯ ಸಾಕು. "ಜಾಸ್ತಿ ಮಾಡಿ" ಅಂದಾಗಲೆಲ್ಲ ಬೇರೆ ಏನನ್ನು ಕಡಿಮೆ ಮಾಡಬಹುದು ಅಂತ ಮೊದಲು ಯೋಚಿಸಿ.

ಕಿವಿಯ ಲೆಕ್ಕವೂ ಇದೆ. 85 ಡೆಸಿಬೆಲ್ಲಿನಲ್ಲಿ 8 ಗಂಟೆ ಇರಬಹುದು ಅನ್ನುವುದು ಕೆಲಸದ ಜಾಗಗಳಿಗೆ ಅಮೆರಿಕದ ನಯೋಷ್ ಸಂಸ್ಥೆ ಹೇಳುವ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. 100ರಲ್ಲಿ 15 ನಿಮಿಷ ಮಾತ್ರ. ಕಾರ್ಯಕ್ರಮ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಉಳಿದರೆ ಅದು ಎಚ್ಚರಿಕೆ. ಮರುದಿನವೂ ಹೋಗದಿದ್ದರೆ ಕಿವಿ ಡಾಕ್ಟರನ್ನು ನೋಡಿ. ಹಾಗೆಯೇ, 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾಜ್ಯ ಸರ್ಕಾರ ಅದನ್ನು ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು. ಅನುಮತಿ ಕಾಗದ ಸಂಘಟಕರ ಬಳಿ ಇದೆಯೇ ಅಂತ ಸ್ಪೀಕರನ್ನು ಗಾಡಿಯಿಂದ ಇಳಿಸುವ ಮೊದಲೇ ಕೇಳಿ.

ಈಗ ಮೈಕ್ ಬದಲಾಯಿಸಬೇಕು ಅನ್ನಿಸಿದರೆ

ಮೇಲಿನದ್ದೆಲ್ಲಾ ಮಾಡಿಯೂ ಸಾಲದಿದ್ದರೆ ಮಾತ್ರ ಅಂಗಡಿಗೆ ಹೋಗಿ. ಹೋಗುವ ಮೊದಲು ಎರಡು ಪ್ರಶ್ನೆ: ಹಾಡುಗಾರರು ಮೈಕಿನ ಮುಂದೆ ನಿಲ್ಲುತ್ತಾರಾ, ಅಲೆದಾಡುತ್ತಾರಾ? ಗದ್ದಲ ಯಾವ ದಿಕ್ಕಿನಲ್ಲಿದೆ?

ಮೈಕನ್ನು ಆಡಿಸುತ್ತಾ, ಜನರ ಜೊತೆ ಮಾತಾಡುತ್ತಾ ಹಾಡುವವರಿಗೆ ಕಾರ್ಡಿಯಾಯ್ಡ್. ಎಸ್‌ಎಂ58 ಬಂದದ್ದು 1966ರಲ್ಲಿ, ಇಂದಿಗೂ ವೇದಿಕೆಗಳಲ್ಲಿ ಓಡುತ್ತಿದೆ. ಬಾಯಿ ಸ್ವಲ್ಪ ಆಚೀಚೆ ಆದರೂ ಕ್ಷಮಿಸುತ್ತದೆ. ಸೆನ್‌ಹೈಸರ್ ಇ835 ಕೂಡ ಇದೇ ಜಾತಿ. ಮೈಕಿಗೆ ಅಂಟಿಕೊಂಡು ಹಾಡುವವರಿಗೆ, ಮಾನಿಟರ್ ಜೋರಿರುವ ಕಡೆ ಸೂಪರ್‌ಕಾರ್ಡಿಯಾಯ್ಡ್. ಪಕ್ಕದಲ್ಲೇ ವಾದ್ಯದ ಅಬ್ಬರ ಇದ್ದರೆ ಹೈಪರ್. ಆಡಿಕ್ಸ್ ಓಎಂ7 ಇಂಥ ವೇದಿಕೆಗೆಂದೇ ಮಾಡಿದ್ದು. ಅದರ ಔಟ್‌ಪುಟ್ ಬೇಕೆಂದೇ ಕಡಿಮೆ, ಗೇನ್ ಜಾಸ್ತಿ ಕೊಡಬೇಕು, ಬಾಯಿ ಒಂದು ಇಂಚು ದೂರ ಹೋದರೂ ದನಿ ಬೀಳುತ್ತದೆ. ಶಿಸ್ತಿನ ಹಾಡುಗಾರರಿಗೆ ಮಾತ್ರ ಕೊಡಿ. ನಾಯ್ಮನ್ ಕೆಎಂಎಸ್ 105ರಂಥ ಕಂಡೆನ್ಸರ್ ಅದ್ಭುತ ಮೈಕ್, ಆದರೆ ಡ್ರಮ್ಮಿನ ಪಕ್ಕ ಅದರ ಗುಣ ಕಾಣುವುದಿಲ್ಲ. ಸುಗಮ ಸಂಗೀತದ ಶಾಂತ ವೇದಿಕೆಗೆ ಉಳಿಸಿಕೊಳ್ಳಿ.

ಅಂಗಡಿಯಲ್ಲಿ "ಹಲೋ ಚೆಕ್" ಅಂದು ಕೊಳ್ಳಬೇಡಿ, ಅಲ್ಲಿ ಎಲ್ಲಾ ಮೈಕೂ ಚೆನ್ನಾಗೇ ಕೇಳುತ್ತವೆ. ಪರಿಚಯದ ಸೌಂಡ್‌ನವರಿಂದ ಒಂದು ಸಂಜೆಗೆ ತನ್ನಿ. ಹಳೆಯದನ್ನೂ ಹೊಸದನ್ನೂ ಎರಡು ಚಾನೆಲ್ಲಿಗೆ ಹಾಕಿ, ಇಕ್ಯು ನೇರ ಇಟ್ಟು, ಅದೇ ಹಾಡುಗಾರರ ದನಿ ಎರಡರಲ್ಲೂ ಸಮ ಬರುವಂತೆ ಗೇನ್ ಹೊಂದಿಸಿ. ಸಮ ಮಾಡದಿದ್ದರೆ ಜೋರಾದದ್ದೇ ಒಳ್ಳೆಯದು ಅನ್ನಿಸುತ್ತದೆ. ಮಾನಿಟರನ್ನು ಆಯಾ ಮೈಕಿನ ಕಿವುಡು ದಿಕ್ಕಿಗೆ ಸರಿಸಿ. ಡ್ರಮ್ ನುಡಿಯುತ್ತಿರಲಿ. ಆಮೇಲೆ ಎಷ್ಟು ಏರಿಸಿದಾಗ ಯಾವುದು ಕೂಗುತ್ತದೆ, ಹಾಡು ನಿಂತಾಗ ಯಾವುದರಲ್ಲಿ ಸಿಂಬಲ್ ಕಡಿಮೆ, ಇಷ್ಟು ಕೇಳಿ.

ಕೊಳ್ಳುವಾಗ ನಕಲಿ ಬಗ್ಗೆ ಎಚ್ಚರ. ಎಸ್‌ಎಂ58ರ ನಕಲು ತುಂಬಾ ಇವೆ, ಪೆಟ್ಟಿಗೆ, ಚೀಲ, ಸ್ಟಿಕ್ಕರ್ ಸಮೇತ ಬರುತ್ತವೆ. ಅಸಲಿ ತೂಕ 298 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿ, ತೀರಾ ಹಗುರವಾಗಿದ್ದರೆ ಬೇಡ. ಅಧಿಕೃತ ಡೀಲರ್ ಬಳಿ ಬಿಲ್ಲು, ವಾರಂಟಿ ಕಾರ್ಡಿನ ಜೊತೆಗೇ ತಗೊಳ್ಳಿ.